ನ್ಯೂಪೋರ್ಟಿನ ಬ್ರೇಕರ್ಸ್: ವರ್ಷಕ್ಕೊಂದು ಡಾಲರ್ ಬಾಡಿಗೆಯ ಅರಮನೆ

ಅಮೆರಿಕದ ಪೂರ್ವ ಕರಾವಳಿಯ ಪುಟ್ಟ ರಾಜ್ಯ ರೋಡ್ ಐಲೆಂಡ್. ಅದರ ಅಕ್ವಿಡ್ನೆಕ್ ದ್ವೀಪದ ದಕ್ಷಿಣ ತುದಿಯಲ್ಲಿ ನ್ಯೂಪೋರ್ಟ್ ಇದೆ. 1639ರಲ್ಲಿ ಹುಟ್ಟಿದ ಈ ಊರು ರಮ್, ತಿಮಿಂಗಿಲದ ಎಣ್ಣೆ ಮತ್ತು ಗುಲಾಮರ ವ್ಯಾಪಾರದಲ್ಲಿ ದುಡ್ಡು ಮಾಡಿಕೊಂಡಿತು. ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1776ರಿಂದ 1779ರವರೆಗೆ, ಬ್ರಿಟಿಷ್ ಸೇನೆ ಇಲ್ಲಿ ಬೀಡುಬಿಟ್ಟಿತು. ಆಮೇಲೆ ಬಂದರು ಹಳೆಯ ವೈಭವಕ್ಕೆ ಮರಳಲಿಲ್ಲ. ಮಾರಲು ಉಳಿದದ್ದು ಬೇಸಿಗೆಯ ತಂಪು ಗಾಳಿ. ಮೊದಲು ದಕ್ಷಿಣದ ತೋಟದ ಧಣಿಗಳು ಬಂದರು, ಬೆನ್ನಿಗೇ ನ್ಯೂಯಾರ್ಕಿನ ಸಿರಿವಂತರು. ಬಂಡೆದಂಡೆಯ ಮೇಲೆ ಮನೆಗಳ ಸಾಲು ಎದ್ದಿತು.

ಆ ಸಾಲಿನಲ್ಲಿ ದೊಡ್ಡದು ಬ್ರೇಕರ್ಸ್. ಇಲ್ಲಿ ಮೊದಲು ಮನೆ ಕಟ್ಟಿಸಿದವನು ಹೊಗೆಸೊಪ್ಪಿನ ಕುಳ ಪಿಯರ್ ಲೋರಿಲಾರ್ಡ್, 1878ರಲ್ಲಿ. ಅದನ್ನು 1885ರಲ್ಲಿ 4,50,000 ಡಾಲರಿಗೆ ಕೊಂಡವನು ಎರಡನೆಯ ಕಾರ್ನೀಲಿಯಸ್ ವಾಂಡರ್ಬಿಲ್ಟ್. ದೋಣಿ ನಡೆಸಿ, ಆಮೇಲೆ ರೈಲಿನಲ್ಲಿ ಕೋಟಿಗಟ್ಟಲೆ ಗಳಿಸಿದ್ದ ಅಜ್ಜನ ಹೆಸರೇ ಮೊಮ್ಮಗನಿಗೂ. 1892ರ ನವೆಂಬರಿನಲ್ಲಿ ಮನೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು.

ಹೊಸ ಮನೆಯ ನಕ್ಷೆಯಲ್ಲಿ ಬೆಂಕಿಯ ಭಯ ಎದ್ದು ಕಾಣುತ್ತದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ರೂಪಿಸಿದ್ದ ರಿಚರ್ಡ್ ಮಾರಿಸ್ ಹಂಟ್ ಇದರ ವಾಸ್ತುಶಿಲ್ಪಿ. ಇಟಲಿಯ ಜಿನೋವಾ, ಟ್ಯುರಿನ್ ಊರುಗಳ ಅರಮನೆಗಳೇ ಅವನಿಗೆ ಮಾದರಿ. ಕಲ್ಲು, ಇಟ್ಟಿಗೆ, ಉಕ್ಕಿನ ತೊಲೆಗಳ ಮೇಲೆ ಮನೆ ನಿಂತಿತು. ಭಾರ ಹೊರುವ ಕಡೆ ಮರಕ್ಕೆ ಜಾಗವಿರಲಿಲ್ಲ. ಅಡುಗೆಮನೆಯನ್ನು ಪಕ್ಕದ ಬೇರೆ ಭಾಗಕ್ಕೆ ಸರಿಸಿದರು. ಬಿಸಿ ಮಾಡುವ ಬಾಯ್ಲರನ್ನು ದೂರದಲ್ಲಿ ನೆಲದಡಿ ಹೂತು, ಸುರಂಗದ ಮೂಲಕ ಮನೆಗೆ ಶಾಖ ತಂದರು. ದೀಪಕ್ಕೆ ಗ್ಯಾಸೂ ಇತ್ತು, ವಿದ್ಯುತ್ತೂ ಇತ್ತು. ಯಜಮಾನನ ಬಚ್ಚಲಿನಲ್ಲಿ ಸಿಹಿನೀರಿಗೆ ಎರಡು, ಸಮುದ್ರದ ಉಪ್ಪುನೀರಿಗೆ ಎರಡು ನಲ್ಲಿ. ಅಮೃತಶಿಲೆಯ ತೊಟ್ಟಿ ಎಷ್ಟು ದಪ್ಪವೆಂದರೆ, ಬಿಸಿನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಕಲ್ಲು ಬೆಚ್ಚಗಾದ ಮೇಲೆಯೇ ಸ್ನಾನ! ಒಂದು ಕೋಣೆಯ ಗೋಡೆಯ ಹಲಗೆಗಳಿಗೆ ಬೆಳ್ಳಿ ಬಳಿದಿದ್ದಾರೆಂದೇ ಬಹಳ ಕಾಲ ಎಲ್ಲರೂ ತಿಳಿದಿದ್ದರು. ಈ ಶತಮಾನದಲ್ಲಿ ಪರೀಕ್ಷಿಸಿದಾಗ ಅದು ಪ್ಲಾಟಿನಂ ಎಂದು ಗೊತ್ತಾಯಿತು.

13 ಎಕರೆ, 70 ಕೋಣೆ. ವಾಸವೋ ವರ್ಷಕ್ಕೆ ಕೆಲವೇ ವಾರ. 1895ರ ಬೇಸಿಗೆಯಲ್ಲಿ ಗೃಹಪ್ರವೇಶಕ್ಕೆ ಮೊದಲೇ, ಜುಲೈ 31ರಂದು ಹಂಟ್ ತೀರಿಕೊಂಡ. ಮರುವರ್ಷ ಯಜಮಾನನಿಗೆ ಪಾರ್ಶ್ವವಾಯು ಹೊಡೆಯಿತು. 1899ರಲ್ಲಿ, 55ನೇ ವಯಸ್ಸಿಗೆ, ಅವನೂ ಹೋದ. ಮುಂದಿನ 35 ವರ್ಷ ಮನೆಯೊಡತಿ ಅವನ ವಿಧವೆ ಆಲಿಸ್. ಮಕ್ಕಳಲ್ಲಿ ಹಿರಿಯ ಮಗ 1892ರಲ್ಲೇ ಸತ್ತಿದ್ದ. ಎರಡನೆಯವನು ತಂದೆ ಒಪ್ಪದ ಹುಡುಗಿಯನ್ನು ಮದುವೆಯಾಗಿ ಆಸ್ತಿಯ ಬಹುಪಾಲು ಕಳೆದುಕೊಂಡ. ಅದು ಸಿಕ್ಕಿದ್ದು ತಮ್ಮ ಆಲ್ಫ್ರೆಡ್‌ಗೆ. ಅವನು 1915ರಲ್ಲಿ ಲೂಸಿಟಾನಿಯಾ ಹಡಗಿನ ಜೊತೆ ಮುಳುಗಿದ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿದ್ದ ಕುಟುಂಬದ ಭಾರಿ ಮನೆಯನ್ನು 1926ರಲ್ಲಿ ಮಾರಿದರು. ಕೊಂಡವರು ಅದನ್ನು ಕೆಡವಿದರು, ಈಗ ಅಲ್ಲಿ ಬಟ್ಟೆಯ ದೊಡ್ಡ ಮಳಿಗೆಯಿದೆ. ವರ್ಷವಿಡೀ ಬಾಳಿದ ಮನೆ ಹೋಗಿ ರಜೆಯ ಮನೆ ಉಳಿಯಿತು.

1934ರಲ್ಲಿ ಆಲಿಸ್ ತೀರಿಕೊಂಡಾಗ ಬ್ರೇಕರ್ಸ್ ಕಿರಿಮಗಳು ಗ್ಲ್ಯಾಡಿಸ್ ಪಾಲಿಗೆ ಬಂತು. ಆಕೆ 1908ರಲ್ಲಿ ಹಂಗೇರಿಯ ಕೌಂಟ್ ಸೆಚೇನಿಯನ್ನು ಮದುವೆಯಾಗಿದ್ದವಳು. ಅಷ್ಟರಲ್ಲಿ ಆದಾಯ ತೆರಿಗೆ ಬಂದು ಎರಡು ದಶಕ ಕಳೆದಿತ್ತು, ಆಳುಕಾಳುಗಳ ಕಾಲ ಮುಗಿಯುತ್ತಿತ್ತು. ಹತ್ತಿರದ ಓಕರ್ ಕೋರ್ಟ್ ಎಂಬ ಬಂಗಲೆಯನ್ನು ಅದರ ಒಡೆಯರು 1947ರಲ್ಲಿ ಕ್ರೈಸ್ತ ಸನ್ಯಾಸಿನಿಯರಿಗೆ ಕೊಟ್ಟುಬಿಟ್ಟರು, ಅದು ಕಾಲೇಜಾಯಿತು. ಗ್ಲ್ಯಾಡಿಸ್ ಬೇರೆ ದಾರಿ ಹಿಡಿದಳು. 1948ರಲ್ಲಿ ನ್ಯೂಪೋರ್ಟ್ ಕೌಂಟಿಯ ಪ್ರಿಸರ್ವೇಶನ್ ಸೊಸೈಟಿಗೆ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಮನೆ ಬಿಟ್ಟುಕೊಟ್ಟಳು. ಟಿಕೆಟ್ ಕೊಂಡು ಜನ ಒಳಗೆ ಬಂದರು. ಬಾಡಿಗೆ ಒಂದು ಡಾಲರ್ ಎಂದರೆ ದಾನವೆಂದೇ ಹೊಗಳುವುದುಂಟು. ದಾನ ಹೌದು, ಆದರೆ ಇಂಥ ಮನೆಯ ಖರ್ಚು ಹೊರುವ ಹೆಗಲು ಹುಡುಕಿದ ಜಾಣತನವೂ ಅದರಲ್ಲಿದೆ ಎಂದು ನನ್ನ ಎಣಿಕೆ.

ಆಕೆ 1965ರಲ್ಲಿ ತೀರಿಕೊಂಡಳು. 1972ರಲ್ಲಿ ಆಕೆಯ ಮಗಳಿಂದ ಸೊಸೈಟಿ ಮನೆಯನ್ನೂ ಪೀಠೋಪಕರಣಗಳ ಬಹುಪಾಲನ್ನೂ ಕೊಂಡಿತು. ಬೆಲೆ 3,65,000 ಡಾಲರ್. ಸುಟ್ಟುಹೋಗುವ ಮೊದಲಿನ ಮನೆಗೆ 87 ವರ್ಷದ ಹಿಂದೆ ಆ ಮಗಳ ಅಜ್ಜ, ಎರಡನೆಯ ಕಾರ್ನೀಲಿಯಸ್, ಕೊಟ್ಟಿದ್ದು ಅದಕ್ಕಿಂತ ಹೆಚ್ಚು! ಮಾರಿದ ಮೇಲೂ ಕುಟುಂಬದವರು ಮೂರನೆಯ ಮಹಡಿಯಲ್ಲಿ ಇದ್ದರು. ಕೆಳಗೆ ಪ್ರವಾಸಿಗರ ಸಾಲು, ಮೇಲೆ ಸಂಸಾರ. 2018ರಲ್ಲಿ, ಹಳೆಯ ನೀರಿನ ಕೊಳವೆ, ವೈರಿಂಗಿನ ಸುರಕ್ಷತೆಯ ಕಾರಣ ಕೊಟ್ಟು ಸೊಸೈಟಿ ಅವರನ್ನು ತೆರವು ಮಾಡಲು ಹೇಳಿತು. ಅಲ್ಲಿಗೆ ವಾಂಡರ್ಬಿಲ್ಟ್ ಕುಡಿಯ ವಾಸ ಮುಗಿಯಿತು. ಆ ಕಾರಣ ಸುಳ್ಳಿರಲಾರದು. ಆದರೂ ಮನೆಯವರಿದ್ದಾಗ ಅದು ಮನೆಯಾಗಿತ್ತು, ಈಗ ಬರಿಯ ಸಂಗ್ರಹಾಲಯ.

ಬಾಸ್ಟನ್ ಕಡೆ ಮಕ್ಕಳಿರುವ ಕನ್ನಡಿಗರಿಗೆ ಇದು ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಒಳಗೆ ಹೋಗಲು ಟಿಕೆಟ್ ಬೇಕು. ಅದಕ್ಕೆ ಮೊದಲು ಮನೆಯ ಹಿಂದೆ, ಬಂಡೆಯಂಚಿನಲ್ಲಿ ಐದೂವರೆ ಕಿಲೋಮೀಟರ್ ಸಾಗುವ ಕ್ಲಿಫ್ ವಾಕ್ ಎಂಬ ಕಾಲುದಾರಿಯಲ್ಲಿ ನಡೆಯಿರಿ. ಅದು ಊರಿನವರ ಹಕ್ಕು, ಸಿರಿವಂತರ ಕಾಂಪೌಂಡಿಗೂ ಸಮುದ್ರಕ್ಕೂ ನಡುವೆ ಇಂದಿಗೂ ತೆರೆದೇ ಇದೆ. ನಡೆಯಲು ಕಾಸು ಕೊಡಬೇಕಿಲ್ಲ.