ಫ್ಲೀಸ್ ಇನ್: ಪಬ್ ಆದ ರೈತನ ಮನೆ

2009ರಲ್ಲಿ ಮಂಗಳೂರಿನಲ್ಲಿ ನಡೆದ ಗಲಾಟೆಯ ನಂತರ ನಮ್ಮ ಕಡೆ ಪಬ್ ಎಂದರೆ ಹುಬ್ಬೇರಿಸುವವರೇ ಹೆಚ್ಚು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅದು ಹೆಚ್ಚುಕಡಿಮೆ ನಮ್ಮ ಅಶ್ವತ್ಥಕಟ್ಟೆ ಇದ್ದ ಹಾಗೆ. ವೂಸ್ಟರ್‌ಶೈರಿನ ಬ್ರೆಟ್‌ಫರ್ಟನ್ ಹಳ್ಳಿಯ ಫ್ಲೀಸ್ ಇನ್ ಅಂಥದ್ದೊಂದು. ಆದರೆ ಅದನ್ನು ಕಟ್ಟಿದ್ದು ಪಬ್ ಆಗಲೆಂದಲ್ಲ. 15ನೆಯ ಶತಮಾನದಲ್ಲಿ ಬರ್ಡ್ ಎಂಬ ರೈತನ ಮನೆಯಾಗಿ ಅದು ಎದ್ದಿತು. ಉದ್ದನೆಯ ಒಂದೇ ಮಾಡಿನ ಕೆಳಗೆ ಒಂದು ತುದಿಯಲ್ಲಿ ಮನೆಮಂದಿ, ಇನ್ನೊಂದು ತುದಿಯಲ್ಲಿ ದನಕರು. 1848ರಲ್ಲಿ ಆ ಮನೆತನದವರೇ ಪರವಾನಗಿ ಪಡೆದು ಪಬ್ ತೆರೆದರು.

ಇಂಥ ಮನೆಗಳಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಬಡಗಿಗಳು ಮರವನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು, ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ತೊಲೆಯ ತುದಿಯನ್ನು ಸಣ್ಣದಾಗಿ ಕೆತ್ತಿ ಇನ್ನೊಂದರ ಗುಳಿಯಲ್ಲಿ ಕೂರಿಸಿ ಮರದ ಗೂಟ ಬಡಿಯುತ್ತಿದ್ದರು. ಯಾವುದು ಯಾವುದಕ್ಕೆ ಜೋಡಿ ಎಂದು ತಿಳಿಯಲು ರೋಮನ್ ಅಂಕಿಗಳ ಗುರುತು ಕೊರೆಯುವುದೂ ಇತ್ತು. ಕಂಬಗಳ ನಡುವಿನ ಜಾಗವನ್ನು ಕಡ್ಡಿಗಳ ತಟ್ಟಿ ಹೆಣೆದು, ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿ ಮುಚ್ಚುತ್ತಿದ್ದರು. ನಮ್ಮ ಅಜ್ಜಂದಿರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ! ಅಂದಹಾಗೆ, ಚಿತ್ರಗಳಲ್ಲಿ ಕಾಣುವ ಕಪ್ಪು ಮರ, ಬಿಳಿ ಗೋಡೆಯ ಸೊಗಸು ಬಹುಮಟ್ಟಿಗೆ 19ನೆಯ ಶತಮಾನದ ಶೋಕಿ. ಬಣ್ಣ ಬಳಿಯದ ಓಕ್ ಬೂದಿ ಬಣ್ಣಕ್ಕೆ ತಿರುಗುತ್ತದೆ, ನಮ್ಮ ಕಣ್ಣಿಗೆ ಅದೇ ಚೆಂದ.

ಈ ಕಟ್ಟಡ ಹಳೆಯ ರೂಪದಲ್ಲಿ ಉಳಿಯಲು ಮುಖ್ಯ ಕಾರಣ ಆ ಮನೆತನದ ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್. ಕಾಲಕ್ಕೆ ತಕ್ಕಂತೆ ಗೋಡೆ ಒಡೆದು ಹಾಲ್ ಮಾಡುವ ಆಸೆ ಆಕೆಗೆ ಬರಲಿಲ್ಲ. 1977ರಲ್ಲಿ ತೀರಿಕೊಂಡಾಗ ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದರು. ಅದು ಪಬ್ ಆಗಿಯೇ ಮುಂದುವರಿಯಿತು. ಮಾಟಗಾತಿಯರು ಚಿಮಣಿಯಿಂದ ಇಳಿಯದಿರಲೆಂದು ಒಲೆಯ ಮುಂದೆ ಬರೆದ ಬಿಳಿ ವೃತ್ತಗಳೂ ಉಳಿದವು. ಹೊಸ್ತಿಲಿಗೆ ರಂಗೋಲಿ ಎಳೆಯುವ ನಾವು ನಗಬೇಕಾಗಿಲ್ಲ.

2004ರಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಬಿತ್ತು. ಹಾನಿಯಾಯಿತು, ಆದರೆ ಮನೆ ಹೋಗಲಿಲ್ಲ. ದಪ್ಪ ಓಕ್ ಹೊರಗೆ ಇದ್ದಲಾದರೂ ಒಳಗೆ ಬಹಳ ಹೊತ್ತು ಗಟ್ಟಿಯಾಗಿರುತ್ತದೆ. ಗೂಟ ತೆಗೆದು ಕೆಟ್ಟ ತುಂಡನ್ನಷ್ಟೇ ಬದಲಿಸಲೂ ಬರುತ್ತದೆ. ಕಾಂಕ್ರೀಟಿಗೆ ಈ ಅನುಕೂಲವಿಲ್ಲ. ದುರಸ್ತಿ ಮುಗಿಸಿ 2005ರಲ್ಲಿ ಬಾಗಿಲು ತೆರೆದರು.