ಜ್ವರದ ಬೆನ್ನು ಹತ್ತಿದವರು

ಅರ್ಬುದ ರೋಗಕ್ಕೆ ಶಸ್ತ್ರವೈದ್ಯರ ಕತ್ತಿಯೊಂದೇ ಮದ್ದಾಗಿದ್ದ ಕಾಲವದು. ಎಕ್ಸ್-ಕಿರಣದ ಸುಳಿವು ಸಿಗಲು ಇನ್ನೂ ಐದು ವರ್ಷವಿತ್ತು. 1890ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಯುವ ವೈದ್ಯ ವಿಲಿಯಂ ಕೋಲಿ ಅವರ ಬಳಿಗೆ ಬೆಸ್ಸಿ ಡ್ಯಾಶಿಯೆಲ್ ಎಂಬ ಹದಿನೇಳರ ಹುಡುಗಿ ಬಂದಳು. ರೈಲಿನ ಆಸನಗಳ ನಡುವೆ ಸಿಕ್ಕಿ ನೊಂದಿದ್ದ ಕೈ ವಾಸಿಯಾಗದೆ ಊದಿಕೊಂಡಿತ್ತು. ಅದು ಸಾರ್ಕೋಮಾ ಎಂಬ ಅರ್ಬುದ. ಕೋಲಿ ಮುಂಗೈಯನ್ನೇ ಕತ್ತರಿಸಿ ತೆಗೆದರು. ರೋಗ ಅಷ್ಟಕ್ಕೆ ನಿಲ್ಲಲಿಲ್ಲ. 1891ರ ಜನವರಿಯಲ್ಲಿ ಹುಡುಗಿ ತೀರಿಕೊಂಡಳು.

ನೊಂದ ವೈದ್ಯರು ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಮುಳುಗಿದರು. ಅಲ್ಲೊಂದು ವಿಚಿತ್ರ ಪ್ರಕರಣ ಕಣ್ಣಿಗೆ ಬಿತ್ತು. ಕುತ್ತಿಗೆಯ ಗೆಡ್ಡೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ, ಇನ್ನು ಉಳಿಗಾಲವಿಲ್ಲವೆಂದು ಕೈಬಿಟ್ಟಿದ್ದ ಜರ್ಮನ್ ವಲಸಿಗನೊಬ್ಬನಿಗೆ ಎರಿಸಿಪೆಲಸ್ ತಗುಲಿತ್ತು. ಸ್ಟ್ರೆಪ್ಟೋಕಾಕಸ್ ಸೂಕ್ಷ್ಮಜೀವಿಯಿಂದ ಚರ್ಮ ಕೆಂಪೇರಿ ಉರಿಯುವ ಭಯಾನಕ ಸೋಂಕದು. ಜ್ವರ ಏರಿತು, ಗೆಡ್ಡೆ ಕರಗಿತು, ರೋಗಿ ಎದ್ದು ಮನೆಗೆ ಹೋದ! ಕೋಲಿ ಮ್ಯಾನ್‌ಹಟನ್ನಿನ ಬಡ ವಲಸಿಗರ ಕೇರಿಗಳಲ್ಲಿ ಬಾಗಿಲು ಬಾಗಿಲು ತಟ್ಟಿ ಆತನನ್ನು ಹುಡುಕಿದರು. ಸೋಂಕು ತಗುಲಿ ವರ್ಷಗಳೇ ಕಳೆದಿದ್ದರೂ ಆತ ಆರೋಗ್ಯವಾಗಿದ್ದ. ಕುತ್ತಿಗೆಯಲ್ಲಿ ಗಾಯದ ಕಲೆ ಬಿಟ್ಟರೆ ರೋಗದ ಕುರುಹಿರಲಿಲ್ಲ.

ಅದೇ ವರ್ಷ ಕೋಲಿ ಒಂದು ಸಾಹಸಕ್ಕೆ ಕೈಹಾಕಿದರು. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದ ಸಾಹಸ. ಗಂಟಲ ಗೆಡ್ಡೆಯಿಂದ ತುತ್ತು ನುಂಗಲೂ ಆಗದೆ ಸಾವಿನಂಚಿನಲ್ಲಿದ್ದ ಇಟಲಿಯ ವಲಸಿಗನೊಬ್ಬನಿಗೆ ಜೀವಂತ ಸ್ಟ್ರೆಪ್ಟೋಕಾಕಸ್ಸನ್ನೇ ಚುಚ್ಚಿದರು. ತಿಂಗಳುಗಟ್ಟಲೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಕೊನೆಗೆ ಜರ್ಮನಿಯಿಂದ, ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಿಂದ, ಪ್ರಬಲವಾದ ಹೊಸ ತಳಿ ಬಂತು. ಅದನ್ನು ಚುಚ್ಚಿದ ಸ್ವಲ್ಪ ಹೊತ್ತಿಗೇ ರೋಗಿಗೆ ನಡುಕ ಹುಟ್ಟಿತು; ಜ್ವರ 105 ಡಿಗ್ರಿಗೆ ಏರಿತು. ಗೆಡ್ಡೆ ಒಡೆದು ಕೊಳೆತು ಸೋರತೊಡಗಿತು. ಎರಡು ವಾರದಲ್ಲಿ ಗಂಟಲು ತೆರವಾಯಿತು. ಆತ ಇನ್ನೂ ಎಂಟು ವರ್ಷ ಬಾಳಿದ.

ಆದರೆ ಜೀವಂತ ಸೋಂಕು ಕೆಲವರನ್ನು ಕೊಂದೂ ಹಾಕಿತು. 1893ರಿಂದ ಕೋಲಿ ಸತ್ತ ಸೂಕ್ಷ್ಮಜೀವಿಗಳ ಮಿಶ್ರಣಕ್ಕೆ ಹೊರಳಿದರು. ‘ಕೋಲಿ ವಿಷ’ ಎಂಬ ಹೆಸರು ನಿಂತಿತು. ಒಂದೊಂದು ತಯಾರಿಕೆಯ ಕಸುವು ಒಂದೊಂದು ಬಗೆ. ಒಬ್ಬರಿಗೆ ಹಿಡಿದದ್ದು ಇನ್ನೊಬ್ಬರಿಗೆ ಹಿಡಿಯದು. ಏಕೆ ಹಿಡಿಯಿತೆಂದು ಕೋಲಿಯವರೇ ಹೇಳಲಾರರು. ಅಷ್ಟರಲ್ಲಿ ರೇಡಿಯಂ ಬಂತು. ಕೋಲಿ ಕೆಲಸ ಮಾಡುತ್ತಿದ್ದ ಮೆಮೋರಿಯಲ್ ಆಸ್ಪತ್ರೆಯಲ್ಲೇ ಜೇಮ್ಸ್ ಯೂಯಿಂಗ್ ಎಂಬ ಪ್ರಭಾವಿ ರೋಗಶಾಸ್ತ್ರಜ್ಞರು ವಿಕಿರಣದ ಪಕ್ಷ ಹಿಡಿದರು. 1936ರಲ್ಲಿ ಕೋಲಿ ಕಣ್ಣುಮುಚ್ಚಿದಾಗ ಅವರ ಮದ್ದು ಮೂಲೆ ಸೇರಿತ್ತು.

ವೈದ್ಯಶಾಸ್ತ್ರ ಓದಿರದ ಮಗಳು ಹೆಲೆನ್ ಕೋಲಿ ನಾಟ್ಸ್ ತಂದೆಯ ಕಾಗದಪತ್ರಗಳನ್ನು ಜಾಲಾಡಿ, ರೋಗಿಗಳ ವಿವರಗಳನ್ನು ಒಂದೊಂದಾಗಿ ಕೂಡಿಸಿದರು. 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಈ ಕಥೆಯ ನಿಜವಾದ ನಾಯಕಿ ಆಕೆಯೇ ಎನ್ನುವವರ ಪಂಕ್ತಿಗೆ ನಾನೂ ಸೇರಿದವನು.

ಗುಟ್ಟು ಬಯಲಾದದ್ದು 1975ರಲ್ಲಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಕಾರ್ಸ್‌ವೆಲ್, ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಬಿಸಿಜಿ ಲಸಿಕೆ ಕೊಟ್ಟ ಇಲಿಗಳಿಗೆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷ ಚುಚ್ಚಿ, ಅವುಗಳ ರಕ್ತದ ಸೀರಮ್ಮನ್ನು ಗೆಡ್ಡೆಯಿದ್ದ ಇಲಿಗಳಿಗೆ ಕೊಟ್ಟರು. ಗೆಡ್ಡೆಯ ಒಳಗೆ ರಕ್ತ ಸುರಿದು ಅದು ಸತ್ತು ಕಪ್ಪಾಯಿತು. ಗೆಡ್ಡೆಯನ್ನು ಕೊಂದದ್ದು ಹೊರಗಿನ ವಿಷವಲ್ಲ. ಆ ವಿಷವನ್ನು ಕಂಡ ಮ್ಯಾಕ್ರೋಫೇಜ್ ಎಂಬ ದೇಹದ ಕಾವಲು ಕೋಶಗಳು ತಾವೇ ಸ್ರವಿಸಿದ ವಸ್ತು. ಅದಕ್ಕೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಟಿಎನ್‌ಎಫ್ ಎಂದು ಹೆಸರಾಯಿತು. ಗೆಡ್ಡೆಗೆ ಅನ್ನ ನೀರು ಕೊಂಡೊಯ್ಯುವ ರಕ್ತನಾಳಗಳನ್ನೇ ಅದು ಕೆಡಿಸುತ್ತದೆ. ಜೊತೆಗೆ ಹೊಮ್ಮುವ ಇಂಟರ್‌ಲ್ಯೂಕಿನ್‌ಗಳು ಮೆದುಳಿಗೆ ಸುದ್ದಿ ಮುಟ್ಟಿಸಿ ಮೈ ಬಿಸಿ ಏರಿಸುತ್ತವೆ. ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಸ್ರವಿಸುವ ಇಂಥ ವಸ್ತುಗಳಿಗೆ ಸೈಟೋಕೈನ್ ಎಂದು ಹೆಸರು. ಕೋಲಿ ಥರ್ಮಾಮೀಟರಿನಲ್ಲಿ ಓದುತ್ತಿದ್ದದ್ದು ಈ ಸೈಟೋಕೈನ್‌ಗಳ ಸಹಿಯನ್ನೇ.

ಸಂಭ್ರಮ ಬಹುಕಾಲ ಬಾಳಲಿಲ್ಲ. ಸ್ಲೋನ್ ಕೆಟರಿಂಗ್ ಇರುವ ಯಾರ್ಕ್ ಅವೆನ್ಯೂವಿನ ಇನ್ನೊಂದು ಬದಿಯ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ, ದೀರ್ಘ ರೋಗದಲ್ಲಿ ದೇಹವನ್ನು ಸವೆಸುವ ವಸ್ತುವನ್ನು ಬೇರೊಂದು ತಂಡ ಹುಡುಕುತ್ತಿತ್ತು. 1985ರಲ್ಲಿ ಅದು ಸಿಕ್ಕಿತು; ನೋಡಿದರೆ ಅದೂ ಟಿಎನ್‌ಎಫ್! ರೋಗಿಯ ರಕ್ತಕ್ಕೆ ನೇರವಾಗಿ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತಿತ್ತು. ಕೊನೆಗೆ ಅದಕ್ಕೆ ಸಿಕ್ಕಿದ್ದು ಕಿರಿದಾದ ಸ್ಥಾನ: ಸಾರ್ಕೋಮಾ ಇರುವ ಕೈ ಅಥವಾ ಕಾಲಿನ ರಕ್ತಸಂಚಾರವನ್ನು ದೇಹದಿಂದ ಬೇರ್ಪಡಿಸಿ, ಆ ಅಂಗಕ್ಕೆ ಮಾತ್ರ ಹರಿಸುವುದು. ಯುರೋಪು 1999ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಂಗ ಕತ್ತರಿಸುವುದನ್ನು ತಪ್ಪಿಸುವುದೇ ಉದ್ದೇಶ.

ರೋಗನಿರೋಧಕ ಟಿ ಕೋಶಗಳನ್ನು ಹುಲುಸಾಗಿಸುವ ಇಂಟರ್‌ಲ್ಯೂಕಿನ್-2 ಎಂಬ ಇನ್ನೊಂದು ಸೈಟೋಕೈನ್‌ನ ಕಥೆಯೂ ಹೆಚ್ಚೇನೂ ಬೇರೆಯಲ್ಲ. ಅಮೆರಿಕದ ಬೆಥೆಸ್ಡಾದಲ್ಲಿ ವೈದ್ಯ ಸ್ಟೀವನ್ ರೋಸೆನ್‌ಬರ್ಗ್ ಅದನ್ನು ಭಾರಿ ಪ್ರಮಾಣದಲ್ಲಿ ಕೊಟ್ಟಾಗ ಕೆಲವರ ಗೆಡ್ಡೆ ಮಾಯವಾಯಿತು. ಆದರೆ ರಕ್ತನಾಳಗಳು ಸೋರಿ ಮೈ ನೀರು ತುಂಬಿಕೊಳ್ಳುತ್ತಿತ್ತು. 1992ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೆ ಅನುಮತಿ ದೊರೆಯಿತು.

ಸೈಟೋಕೈನ್‌ಗಳ ಈ ಎರಡು ಮುಖ ಮತ್ತೆ ಎದುರಾದವು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದ ಆರು ವರ್ಷದ ಬಾಲಕಿಗೆ ಅವಳದೇ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಟ್ಟರು. ಸೈಟೋಕೈನ್ ಬಿರುಗಾಳಿಯೆದ್ದು ಅವಳು ವೆಂಟಿಲೇಟರ್ ಸೇರಿದಳು. ರಕ್ತಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ವಿಪರೀತ ಏರಿತ್ತು. ಆ ಚಿಕಿತ್ಸೆಯ ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತವಿತ್ತು. ಆ ಕಾರಣದಿಂದ ಇಂಟರ್‌ಲ್ಯೂಕಿನ್-6ರ ಕೆಲಸ ತಡೆಯುವ ಟೋಸಿಲಿಜುಮ್ಯಾಬ್ ಎಂಬ ಔಷಧ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯಿತು, ಟಿ ಕೋಶಗಳು ತಮ್ಮ ಕೆಲಸ ಮುಂದುವರಿಸಿದವು. 2017ರ ಆಗಸ್ಟ್ 30ರಂದು ಅಮೆರಿಕದ ಔಷಧ ನಿಯಂತ್ರಕರು ಆ ಕೋಶ ಚಿಕಿತ್ಸೆಗೂ, ಅದು ಎಬ್ಬಿಸುವ ಬಿರುಗಾಳಿಗೆ ಟೋಸಿಲಿಜುಮ್ಯಾಬ್ ಬಳಸುವುದಕ್ಕೂ ಒಂದೇ ದಿನ ಅನುಮತಿ ನೀಡಿದರು.