ಬಂಧುಗಳ ಜಾಡಿನಲ್ಲಿ ಮೃತರ ಹೆಸರು

ಗುರುತು ಸಿಗದ ಶವದ ಡಿಎನ್‌ಎಯನ್ನು ಸಾರ್ವಜನಿಕ ವಂಶಾವಳಿ ಸಂಗ್ರಹಗಳಲ್ಲಿರುವ ಡಿಎನ್‌ಎ ಜೊತೆ ತಾಳೆ ನೋಡಿ, ಸಿಕ್ಕ ದೂರದ ಬಂಧುಗಳ ವಂಶವೃಕ್ಷದ ಮೂಲಕ ಮೃತರ ಹೆಸರು ಪತ್ತೆಮಾಡುವುದೇ ವಿಧಿವಿಜ್ಞಾನ ವಂಶಾವಳಿ ಶೋಧ. 1981ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಶವವಾಗಿ ಸಿಕ್ಕ ಯುವತಿಯೊಬ್ಬಳನ್ನು, ತೊಟ್ಟಿದ್ದ ಚರ್ಮದ ಜಾಕೆಟ್ಟಿನಿಂದಾಗಿ, ‘ಬಕ್‌ಸ್ಕಿನ್ ಗರ್ಲ್’ ಎಂದೇ ಕರೆಯುತ್ತಿದ್ದರು. 2018ರ ಏಪ್ರಿಲ್‌ನಲ್ಲಿ ಅವಳ ನಿಜ ಹೆಸರು ತಿಳಿದದ್ದು ಈ ವಿಧಾನದಿಂದ. ಆ ಕೆಲಸ ಮಾಡಿದ್ದು ಅದರ ಹಿಂದಿನ ವರ್ಷವಷ್ಟೇ ಶುರುವಾಗಿದ್ದ ‘ಡಿಎನ್‌ಎ ಡೋ ಪ್ರಾಜೆಕ್ಟ್’.

ಪೊಲೀಸರ ಪರೀಕ್ಷೆಗಿಂತ ಹೇಗೆ ಬೇರೆ?

ಅಮೆರಿಕದ ಪೊಲೀಸ್ ದಾಖಲೆಯಲ್ಲಿ 2017ರಿಂದ ಒಬ್ಬೊಬ್ಬರ ಡಿಎನ್‌ಎಯ 20 ಜಾಗಗಳ ವಿವರವಿರುತ್ತದೆ. ಅದೇ ವ್ಯಕ್ತಿಯನ್ನೋ ಅಪ್ಪ, ಅಮ್ಮ, ಒಡಹುಟ್ಟಿದವರನ್ನೋ ಗುರುತಿಸಲು ಅಷ್ಟು ಸಾಕು. ಅದರಾಚೆಯ ನೆಂಟಸ್ತನ ಅದಕ್ಕೆ ನಿಲುಕದು. ವಂಶಾವಳಿ ಶೋಧದಲ್ಲಿ ಲಕ್ಷಗಟ್ಟಲೆ ಜಾಗಗಳನ್ನು ಓದಲಾಗುತ್ತದೆ. ಇಬ್ಬರಲ್ಲಿ ಸಮಾನವಾಗಿರುವ ತುಣುಕುಗಳ ಉದ್ದವನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಬ್ಬನೇ ಅಜ್ಜನ ಮೊಮ್ಮಕ್ಕಳಲ್ಲಿ ಅದು ಸರಾಸರಿ 850ರ ಆಸುಪಾಸು. ಒಬ್ಬನೇ ಮುತ್ತಜ್ಜನ ಮರಿಮಕ್ಕಳಲ್ಲಿ ಸುಮಾರು 230.

ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಅದು ಹೇಳುವುದು ‘ಇವರು ನೆಂಟರು, ಇಷ್ಟು ದೂರದವರು’ ಎಂದು ಮಾತ್ರ. ಹೆಸರು ಸಿಗುವುದು ಜನನ, ಮದುವೆ, ಮರಣದ ಹಳೆಯ ಕಾಗದಗಳಲ್ಲಿ.

ಸಾಮರ್ಟನ್ ಕಡಲತೀರದ ಮನುಷ್ಯ

1948ರ ಡಿಸೆಂಬರ್ 1ರ ಬೆಳಿಗ್ಗೆ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಸಾಮರ್ಟನ್ ಕಡಲತೀರದಲ್ಲಿ ಗೋಡೆಗೊರಗಿದ ಸ್ಥಿತಿಯಲ್ಲಿ ಒಬ್ಬ ಗಂಡಸಿನ ಶವ ಕಂಡಿತು. ಸೂಟು, ಟೈ ಎಲ್ಲ ನೀಟಾಗಿತ್ತು, ಬಟ್ಟೆಯ ಲೇಬಲ್ಲುಗಳು ಮಾತ್ರ ಇರಲಿಲ್ಲ. ಒಳಜೇಬಿನಲ್ಲಿ ಉಮರ್ ಖಯ್ಯಾಮನ ರುಬಾಯಿಗಳ ಪುಸ್ತಕದ ಕೊನೆಯ ಪುಟದಿಂದ ಹರಿದ ಚೂರು. ರೈಲು ನಿಲ್ದಾಣದಲ್ಲಿ ಸಿಕ್ಕ, ಅವನದೇ ಎನ್ನಲಾದ ಸೂಟ್‌ಕೇಸಿನ ಟೈ ಮೇಲೆ ‘ಟಿ. ಕೀನ್’ ಎಂದಿತ್ತು. ಗೂಢಚಾರ ಎಂಬ ಕಥೆ ಹಬ್ಬಲು ಇಷ್ಟು ಸಾಕಲ್ಲ!

1949ರಲ್ಲಿ ಹೂಳುವ ಮುನ್ನ ಶವದ ಮುಖ, ಎದೆಗಳ ಅಚ್ಚು ತೆಗೆದು ಪ್ಲಾಸ್ಟರಿನ ಪ್ರತಿಮೆ ಮಾಡಿದ್ದರು. ಅದರಲ್ಲಿ ಕೆಲವು ಕೂದಲು ಸಿಕ್ಕಿಕೊಂಡು ಉಳಿದವು. ಅಡಿಲೇಡ್ ವಿಶ್ವವಿದ್ಯಾಲಯದ ಡೆರೆಕ್ ಆಬಟ್ ಈ ಕೂದಲಿನಿಂದ ಡಿಎನ್‌ಎ ಪಡೆದರು. ಅವರೂ ವಂಶಾವಳಿ ತಜ್ಞೆ ಕೊಲೀನ್ ಫಿಟ್ಜ್‌ಪ್ಯಾಟ್ರಿಕ್ ಅವರೂ ಸೇರಿ ಸುಮಾರು 4,000 ಜನರ ವಂಶವೃಕ್ಷ ಕಟ್ಟಿದರು. ಕೊಂಬೆ ಕೊಂಬೆ ಹಿಡಿದು ಹೋದಾಗ ಒಬ್ಬನ ಸಾವಿನ ದಾಖಲೆ ಎಲ್ಲೂ ಸಿಗಲಿಲ್ಲ: 1905ರಲ್ಲಿ ಮೆಲ್ಬರ್ನ್ ಬಳಿ ಹುಟ್ಟಿದ ಕಾರ್ಲ್ ವೆಬ್. ವಿದ್ಯುತ್ ಉಪಕರಣಗಳ ಕೆಲಸದವನು, ಹೆಂಡತಿಯಿಂದ ದೂರವಾದವನು. ಬದುಕಿರುವ ಬಂಧುಗಳ ಡಿಎನ್‌ಎಯೂ ತಾಳೆಯಾಯಿತು. 2022ರ ಜುಲೈನಲ್ಲಿ ಆಬಟ್ ಹೆಸರನ್ನು ಪ್ರಕಟಿಸಿದರು. ಕೀನ್ ಎಂಬುದು ವೆಬ್‌ನ ಅಕ್ಕನ ಗಂಡನ ಮನೆತನದ ಹೆಸರು! ನನಗೆ ಡಿಎನ್‌ಎಗಿಂತ ಈ ಟೈ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಪೊಲೀಸರು ಮಾತ್ರ ಆಗ ದೃಢಪಡಿಸಲಿಲ್ಲ; ಅವರು 2021ರ ಮೇ ತಿಂಗಳಲ್ಲಿ ಸಮಾಧಿ ತೆಗೆಸಿ ತಮ್ಮದೇ ಪರೀಕ್ಷೆ ನಡೆಸುತ್ತಿದ್ದರು.

ಒಪ್ಪಿಗೆಯ ಪ್ರಶ್ನೆ

ಈ ಶೋಧ ನಿಂತಿರುವುದು ಕುತೂಹಲಕ್ಕೆಂದು ಪರೀಕ್ಷೆ ಮಾಡಿಸಿಕೊಂಡ ಜನರ ಮಾಹಿತಿಯ ಮೇಲೆ. ಒಬ್ಬರು ಒಪ್ಪಿದರೆ ಅವರ ಇಡೀ ಬಳಗವೇ ಭಾಗಶಃ ಬಯಲಾದಂತೆ. 2019ರ ಮೇನಲ್ಲಿ ‘ಜೆಡ್‌ಮ್ಯಾಚ್’ ಸಂಗ್ರಹವು, ಬಳಕೆದಾರರು ತಾವಾಗಿ ಒಪ್ಪಿದರಷ್ಟೇ ಅವರ ವಿವರವನ್ನು ಪೊಲೀಸರ ಹುಡುಕಾಟಕ್ಕೆ ತೆರೆಯುವ ನಿಯಮ ತಂದಿತು.

ನಮ್ಮಲ್ಲಿ ತೊಡಕು

ಇಂಥ ಸಂಗ್ರಹಗಳಲ್ಲಿರುವವರು ಬಹುಪಾಲು ಯುರೋಪ್ ಮೂಲದವರು. ಭಾರತೀಯರು ತೀರಾ ಕಡಿಮೆ. ಇನ್ನೊಂದು ತೊಡಕು ಮನೆಯೊಳಗಿನದೇ. ಕರ್ನಾಟಕದಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಹಳೆಯದು. ತಲೆಮಾರುಗಟ್ಟಲೆ ಹೀಗೆ ನಡೆದ ಕಡೆ ದೂರದ ನೆಂಟರಲ್ಲೂ ಸಮಾನ ಡಿಎನ್‌ಎ ಹೆಚ್ಚಿರುತ್ತದೆ. ಸೆಂಟಿಮಾರ್ಗನ್ ಲೆಕ್ಕ ಅವರನ್ನು ಹತ್ತಿರದವರೆಂದು ತೋರಿಸಿ ದಾರಿ ತಪ್ಪಿಸುತ್ತದೆ.

ಕಾಗದದ ವಿಷಯದಲ್ಲಿ ನಾವು ಪೂರ್ತಿ ಬಡವರೇನಲ್ಲ. ಉತ್ತರ ಕರ್ನಾಟಕದಲ್ಲಿ ಎತ್ತಿನ ಜೊತೆ ಊರೂರಿಗೆ ಬಂದು ಮನೆತನಗಳ ಪೀಳಿಗೆ ಹೇಳುವ ಹೆಳವರ ಬಳಿ ಹಲವು ತಲೆಮಾರುಗಳ ಹೆಸರುಗಳಿವೆ. ಆದರೆ ಅಲ್ಲಿ ಮುಖ್ಯವಾಗಿ ನಡೆಯುವುದು ಗಂಡುಸಂತತಿಯ ಸಾಲು. ಡಿಎನ್‌ಎಗೆ ತಾಯಿಯ ಕಡೆಯೂ ಅಷ್ಟೇ ಬೇಕು; ಮದುವೆಯಾಗಿ ಹೋದ ಹೆಣ್ಣುಮಗಳ ಮಕ್ಕಳನ್ನು ಹುಡುಕಲು ಅವಳು ಸೇರಿದ ಮನೆತನದ ಹೆಳವನನ್ನೇ ಕೇಳಬೇಕು.